ಅಡ್ಡ ಬಂದ ಕೋಲು

ನಾಲ್ಕು ವರ್ಷ ಆಯಿತು. ಆ ಫೋಲ್ಡರ್ ತೆರೆಯುವಾಗ ಈಗಲೂ ಮನಸ್ಸು ಚುರುಕ್ ಅನ್ನುತ್ತದೆ.

ಪತ್ರಿಕೆಯ ವಿಶೇಷಾಂಕಕ್ಕೆ ಕಲ್ಲೇನ್ ಪೊಕ್ಕುಡನ್ ಅವರ ಊರು, ಅವರು ನೆಟ್ಟ ಕಾಂಡ್ಲ (ಮ್ಯಾಂಗ್ರೋವ್) ಕಾಡಿನ ಫೋಟೋ ಬೇಕಿತ್ತು. ನಮ್ಮ ಕಾಸರಗೋಡಿನಿಂದ ರೈಲು ಹತ್ತಿದರೆ ಅವರ ಊರಿನ ಕಡೆಯ ಪಳಯಂಗಾಡಿ ದೂರವೇನಲ್ಲ. ಗದ್ದೆ ಕೆಲಸ ಮಾಡಿಕೊಂಡು, ಕೂಲಿಕಾರರ ಹೋರಾಟದಲ್ಲಿ ಬೆಳೆದ ಮನುಷ್ಯ ಅವರು. ಹೊಳೆ ಬದಿಯ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಗಾಳಿ, ಅಲೆಯ ಹೊಡೆತ ಜಾಸ್ತಿ ಅಂತ 1989ರಲ್ಲಿ 500 ಗಿಡ ನೆಟ್ಟರು. 2015ರಲ್ಲಿ ತೀರಿಕೊಂಡರು. ಕಾಡು ನಿಂತಿದೆ.

ಶನಿವಾರಕ್ಕೆ ಇಳಿತದ, ಅಂದರೆ ನೀರು ಪೂರ್ತಿ ತಗ್ಗುವ ಸಮಯ ಕೇಳಿಟ್ಟುಕೊಂಡಿದ್ದೆ, ಸಂಜೆ 5 ಗಂಟೆ, ಬೆಳಕೂ ಚೆನ್ನಾಗಿರುತ್ತದೆ. ಪೇಜ್ ಬೇಗ ಬಿಡಬೇಕು ಅಂತ ಆಫೀಸಿನವರು ಶೂಟನ್ನು ಗುರುವಾರಕ್ಕೆ ತಂದರು. ಅವರು ಯಾವತ್ತೂ ಹೀಗೇ, ಕ್ಯಾಲೆಂಡರ್ ನೋಡುತ್ತಾರೆ, ಹೊಳೆ ನೋಡುವುದಿಲ್ಲ. ಆದರೆ ತಪ್ಪು ನನ್ನದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಎರಡು ದಿನ ಮೊದಲು ಅಂದರೆ ಮೂರೂಕಾಲಿಗೇ ಆಗಿರುತ್ತದೆ ಅನ್ನುವುದು ಕರಾವಳಿಯಲ್ಲಿ ಹುಟ್ಟಿದ ನನಗೆ ಹೊಳೆಯಲೇ ಇಲ್ಲ.

ಕೆಸರಿಗೆ ಇಳಿದಾಗ ನೀರು ಏರುತ್ತಿತ್ತು. ಟ್ರೈಪಾಡ್ ಕಾಲು ಹೂತುಹೋಗುತ್ತಿತ್ತು, ಬ್ಯಾಗ್ ಕುತ್ತಿಗೆಗೆ ನೇತುಹಾಕಿಕೊಂಡೆ. ಮೊದಲ ಫ್ರೇಮ್ ತೆಗೆದೆ. ಬೇರುಗಳ ಕಮಾನು ಸರಿಯಾಗಿ ಬಂದಿತ್ತು, ಆದರೆ ಎದುರಿಗೇ ಒಂದು ಕೋಲು ಅಡ್ಡ. ನೀರು ಮೊಣಕಾಲು ದಾಟಿತು. ಬೆಳಕು ಹೋಗುತ್ತಿದೆ, ದೋಣಿಯವರು ಕರೆಯುತ್ತಿದ್ದಾರೆ, ಸುಮ್ನೆ ಕೈ ಚಾಚಿ ಅದನ್ನು ಕಿತ್ತುಬಿಟ್ಟೆ. ಕ್ಲಿಕ್ ಮಾಡಿದೆ.

ಆಮೇಲೆ ಕೈಯಲ್ಲಿದ್ದದ್ದನ್ನು ನೋಡಿದೆ. ನುಗ್ಗೆಕೋಡಿನಂತೆ ಉದ್ದ, ಹಸಿರು. ತುದಿಯಲ್ಲಿ ಇನ್ನೂ ಬಿಚ್ಚದ ಎರಡು ಎಲೆ. ಬುಡದಲ್ಲಿ ನೂಲಿನಷ್ಟು ತೆಳ್ಳಗಿನ ಬಿಳಿ ಬೇರು, ಒಂದೆರಡು ಹರಿದಿದ್ದವು. ಈ ಜಾತಿಯ ಕಾಂಡ್ಲದ ಬೀಜ ಮರದಲ್ಲೇ ಮೊಳೆತು, ನೇತಾಡಿ ಬೆಳೆದು, ಆಮೇಲೆ ಕೆಳಗೆ ಬೀಳುತ್ತದೆ ಅಂತ ಹಿಂದಿನ ರಾತ್ರಿ ನಾನೇ ಕ್ಯಾಪ್ಶನ್ ಬರೆದಿಟ್ಟಿದ್ದೆ.

ದೋಣಿಯವರು ನೀರಿಗೆ ಇಳಿದು ಬಂದರು. ಬೈಯಲಿಲ್ಲ. "ಅದು ಗಿಡ" ಎಂದಷ್ಟೇ ಹೇಳಿ ನನ್ನ ಕೈಯಿಂದ ತೆಗೆದುಕೊಂಡರು. ನೀರೊಳಗೆ ಮೊಣಕೈವರೆಗೆ ಕೈ ಇಳಿಸಿ, ಅದೇ ಜಾಗ ತಡಕಿ, ಊರಿ, ಸುತ್ತಲಿನ ಕೆಸರು ಒತ್ತಿದರು. ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ.

ಎರಡನೇ ಫ್ರೇಮ್ ತುಂಬಾ ಚೆನ್ನಾಗಿ ಬಂದಿತ್ತು. ಕಳಿಸಲಿಲ್ಲ. ಮೊದಲನೆಯದನ್ನೇ ಕಳಿಸಿದೆ. ಡೆಸ್ಕ್‌ನಿಂದ ಮೆಸೇಜ್ ಬಂತು: ಮುಂದೆ ಏನೋ ಕೋಲು ಅಡ್ಡ ಇದೆ, ಕ್ಲೀನ್ ಮಾಡಿ ಕಳಿಸ್ತೀರಾ?

ಅದು ಗಿಡ, ಇರಲಿ ಎಂದು ಬರೆದೆ.