ಗೆಣಸಿನ ನಾಡಿನಲ್ಲಿ ನಾಲ್ಕು ದಿನ

ವಾಮೇನಾದಲ್ಲಿ ನಾವು ಇಳಿದಾಗ ಪಕ್ಕದಲ್ಲಿ ನಿಂತಿದ್ದ ಸರಕು ವಿಮಾನದಿಂದ ಸಿಮೆಂಟಿನ ಚೀಲಗಳನ್ನೂ ಅಕ್ಕಿಯ ಮೂಟೆಗಳನ್ನೂ ಇಳಿಸುತ್ತಿದ್ದರು. ಸಿಮೆಂಟು ಲಾರಿಯಲ್ಲಿ ಬರುವುದನ್ನು ಕಂಡಿದ್ದೆ, ರೈಲಿನಲ್ಲಿ ಬರುವುದನ್ನು ಕಂಡಿದ್ದೆ. ಆಕಾಶದಿಂದ ಇಳಿಯುವುದನ್ನು ಕಂಡದ್ದು ಅದೇ ಮೊದಲು. ಇಂಡೋನೇಷ್ಯಾದ ಪಾಪುವಾದ ನಟ್ಟನಡುವೆ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟಗಳ ಗೋಡೆ ಕಟ್ಟಿಕೊಂಡಿರುವ ಬಲಿಯೆಮ್ ಕಣಿವೆಗೆ ಈ ಪಟ್ಟಣವೇ ಬಾಗಿಲು. ಕರಾವಳಿಯಿಂದ ಇಲ್ಲಿಗೆ ರಸ್ತೆಯೊಂದನ್ನು ಕಡಿಯುವ ಕೆಲಸ ವರ್ಷಗಳಿಂದ ನಡೆದಿತ್ತಾದರೂ ನಾನು ಹೋದ 2018ರ ಆಗಸ್ಟ್‌ನಲ್ಲಿ ಅಂಗಡಿಯ ಸಾಮಾನೆಲ್ಲ ಹೆಚ್ಚುಕಡಿಮೆ ವಿಮಾನದಲ್ಲೇ ಬರುತ್ತಿತ್ತು.

ನಾನು ಬೆಳಗಾವಿ ಸೀಮೆಯ, ಗೆಣಸು ಬೆಳೆಯುವ ಮನೆತನದವನು. ನಮ್ಮಲ್ಲಿ ಗೆಣಸು ಏಕಾದಶಿ, ಶಿವರಾತ್ರಿಗಳ ಫಲಾಹಾರ. ಉಳಿದದ್ದು ಲಾರಿ ಹತ್ತಿ ದೂರದ ಪೇಟೆಗಳಿಗೆ ಹೋಗುತ್ತದೆ. ಜಕಾರ್ತಾದಲ್ಲಿ ನೌಕರಿಯಲ್ಲಿರುವ ಅಕ್ಕನ ಮಗ, ಅದೇ ಗೆಣಸನ್ನು ಮೂರು ಹೊತ್ತೂ ಉಣ್ಣುವ ಜನ ಇಲ್ಲೊಂದು ಕಣಿವೆಯಲ್ಲಿದ್ದಾರೆ ಎಂದು ಹೇಳಿದ್ದೇ ತಡ, ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ಇದಕ್ಕೇ ತೆಗೆದಿಟ್ಟೆ. ಜಕಾರ್ತಾದಿಂದ ರಾತ್ರಿಯಿಡೀ ಐದು ತಾಸು ಹಾರಿದರೂ ದೇಶ ಬದಲಾಗುವುದಿಲ್ಲ, ಗಡಿಯಾರ ಮಾತ್ರ ಎರಡು ತಾಸು ಮುಂದೆ ಹೋಗುತ್ತದೆ. ಕರಾವಳಿಯ ಸೆಂತಾನಿಯಲ್ಲಿ ಇಳಿದು, ಒಳನಾಡಿಗೆ ಹೋಗುವ ವಿದೇಶಿಯರಿಗೆ ಕಡ್ಡಾಯವಾದ ‘ಸುರತ್ ಜಾಲನ್’ ಎಂಬ ಪರವಾನಗಿಯನ್ನು ಪೊಲೀಸರಿಂದ ಪಡೆದು, ಮತ್ತೆ ಮುಕ್ಕಾಲು ತಾಸು ಕಾಡಿನ ಮೇಲೆ ಹಾರಿ ವಾಮೇನಾ ತಲುಪಿದೆವು.

ಈ ಕಣಿವೆಯನ್ನು ‘ಕಂಡುಹಿಡಿದ’ ವರ್ಷ 1938 ಎಂದು ಬರೆಯುವುದು ರೂಢಿ. ಆ ವರ್ಷ ಜೂನ್‌ನಲ್ಲಿ ಅಮೆರಿಕದ ರಿಚರ್ಡ್ ಆರ್ಚ್‌ಬೋಲ್ಡ್ ಎಂಬುವವರು ಪ್ರಾಣಿ, ಸಸ್ಯಗಳ ಸಂಗ್ರಹಕ್ಕೆಂದು ಹೊರಟ ತಂಡದೊಂದಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ, ನಿರ್ಜನ ಬೆಟ್ಟಗಳೆಂದು ನಕ್ಷೆಗಳು ಬಿಟ್ಟಿದ್ದ ಜಾಗದಲ್ಲಿ ಕಾಲುವೆ ತೋಡಿ ಹಸನಾಗಿ ಮಡಿ ಕಟ್ಟಿದ ಹೊಲಗಳನ್ನು ಕಂಡರು. ಕೆಳಗೆ ‘ದಾನಿ’ ಎಂಬ ಬುಡಕಟ್ಟಿನ ಹತ್ತಾರು ಸಾವಿರ ಜನ ಬೇಸಾಯ ಮಾಡಿಕೊಂಡಿದ್ದರು. ಮೇಲೆ ಹಾರಿದವನು ಕಂಡುಹಿಡಿದವನಾಗಿ, ಕೆಳಗೆ ಉತ್ತು ಬಿತ್ತುತ್ತಿದ್ದವರು ಕಂಡುಹಿಡಿಯಲ್ಪಟ್ಟವರಾದ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. 1954ರಲ್ಲಿ ಮಿಷನರಿಗಳು ಬಲಿಯೆಮ್ ನದಿಯ ಮೇಲೇ ವಿಮಾನ ಇಳಿಸಿದರು. ಎರಡು ವರ್ಷದಲ್ಲಿ ಡಚ್ಚರ ಠಾಣೆ ಬಂತು. 1963ರಲ್ಲಿ ಆಡಳಿತ ಇಂಡೋನೇಷ್ಯಾದ ಕೈಗೆ ಹೋಯಿತು.

ವಾಮೇನಾದಿಂದ ದಕ್ಷಿಣಕ್ಕೆ ಒಂದು ತಾಸಿನೊಳಗೆ ಸೊಗೊಕ್ಮೊ ಎಂಬಲ್ಲಿ ನಮ್ಮ ಜೀಪಿನ ದಾರಿ ಮುಗಿಯಿತು. ಮುಂದೆ ಯೆತ್ನಿ ಹೊಳೆ. ಹಿಂದೊಮ್ಮೆ ಇದ್ದ ಸೇತುವೆ ಕೊಚ್ಚಿಹೋಗಿ, ನೀರಿನ ಮೇಲೆ ಮರದ ದಿಮ್ಮಿಗಳನ್ನು ಅಡ್ಡ ಹಾಸಿದ್ದರು. ನಾನು ಕುದುರೆ ಹತ್ತಿದವನಂತೆ ದಿಮ್ಮಿಯ ಮೇಲೆ ಕಾಲು ಇಳಿಬಿಟ್ಟು, ಕೈಯೂರಿ ಕೈಯೂರಿ ಸರಿಯುತ್ತಿದ್ದಾಗ ಆ ಬದಿಯಲ್ಲಿ ಒಬ್ಬ ಮಧ್ಯವಯಸ್ಸಿನ ಹೆಂಗಸು ನನ್ನ ಸರ್ಕಸ್ಸು ಮುಗಿಯಲೆಂದು ತಾಳ್ಮೆಯಿಂದ ಕಾದು ನಿಂತಿದ್ದಳು. ನಾನು ದಾಟಿದ ಮೇಲೆ ಅವಳು ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿ ಆಚೆ ಹೋದಳು. ಅವಳ ಹಣೆಯಿಂದ ಬೆನ್ನಿಗೆ ಮೂರು ಹೆಣೆದ ಚೀಲಗಳು ಒಂದರ ಮೇಲೊಂದು ಜೋತುಬಿದ್ದಿದ್ದವು: ತಳದಲ್ಲಿ ಗೆಣಸು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಲಗಿದ್ದ ಕೂಸು. ಈ ಚೀಲವೇ ನೊಕೆನ್. ಮರದ ತೊಗಟೆಯ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿ, ಗಂಟು ಹಾಕಿ ಹೆಣೆಯುತ್ತಾರೆ. ಹೊರೆ ಬಿದ್ದಷ್ಟೂ ಹಿಗ್ಗುತ್ತದೆ. ಯುನೆಸ್ಕೊ 2012ರಲ್ಲಿ ಇದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆದರೆ ಆ ದಾರಿಯಲ್ಲಿ ನೊಕೆನ್ ಇಲ್ಲದ ಹೆಂಗಸನ್ನು ನಾನು ಕಾಣಲಿಲ್ಲ.

ಹೊಳೆಯಾಚೆಯ ಕುರಿಮಾ ಎಂಬ ಊರಿನಿಂದ ಮೇಲಕ್ಕೆ ನನ್ನ ಮೊಣಕಾಲಿನ ಲೆಕ್ಕದಲ್ಲಿ ಮೂರು ತಾಸು, ಊರವರ ಲೆಕ್ಕದಲ್ಲಿ ಒಂದು ತಾಸು ಏರಿದರೆ ನಾವು ತಂಗಿದ ಊರು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿಯವರು ನಮ್ಮೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದ್ದಾರೆ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರೂ ನಿಂತು ಕೈಹಿಡಿದು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು. ಗಂಡಸರಿಗೆ ‘ನಾಯಕ್’ ಎನ್ನಬೇಕು, ಹೆಂಗಸರಿಗೆ ‘ಲಾವೊಕ್’. ಜೀವನದಲ್ಲಿ ಮೊದಲ ಸಲ ಕಂಡಕಂಡವರೆಲ್ಲ ನನ್ನನ್ನು ನಾಯಕ್ ಎಂದು ಕರೆದರು! ಹಿರಿಯ ಹೆಂಗಸರನ್ನು ಮಾತಾಡಿಸುವಾಗ ನಮ್ಮ ಮಾರ್ಗದರ್ಶಿ ಹುಡುಗ ‘ಮಾಮಾ’ ಎನ್ನುತ್ತಿದ್ದ. ಆ ಕಡೆಯ ಮಲಯ್ ಮಾತಿನಲ್ಲಿ ಅದು ಅಮ್ಮ. ಅಜ್ಜಿಯೊಬ್ಬಳನ್ನು ಮಾಮಾ ಎಂದು ಕರೆಯಲು ನನ್ನ ನಾಲಗೆ ಎರಡು ದಿನ ಒಪ್ಪಲಿಲ್ಲ.

ಊರೆಂದರೆ ಬೇಲಿ ಹಾಕಿದ ಅಂಗಳಗಳ ಗುಂಪು. ಒಂದೊಂದು ಅಂಗಳದೊಳಗೂ ಗಂಡಸರ ಗುಂಡು ಮನೆ ಹೊನಾಯ್, ಹೆಂಗಸರು ಮಕ್ಕಳಿಗೆ ಬೇರೆ ಗುಂಡು ಮನೆ, ಉದ್ದನೆಯ ಅಡುಗೆಮನೆ, ಹಂದಿಗಳ ಗೂಡು. ಹೊನಾಯ್‌ಗೆ ಕಿಟಕಿಯಿಲ್ಲ. ಬಾಗಿಲಲ್ಲಿ ಮಂಡಿಯೂರಿ ನುಸುಳಿದರೆ ನಡುವೆ ಒಲೆ, ಸುತ್ತ ನೆಲಕ್ಕೆ ಹಾಸಿದ ಹುಲ್ಲು, ಮೇಲೆ ಮಲಗುವ ಅಟ್ಟ. ಹೊಗೆ ಹುಲ್ಲಿನ ಚಾವಣಿಯಲ್ಲಿ ಸೋಸಿಕೊಂಡು ಹೊರಗೆ ಹೋಗಬೇಕು. ಸಂಜೆ ಏಳರ ಹೊತ್ತಿಗೆ ಥಂಡಿ ಎಲುಬಿಗೆ ಇಳಿಯುವ ಆ ಎತ್ತರದಲ್ಲಿ ಇದಕ್ಕಿಂತ ಬೆಚ್ಚನೆಯ ಮನೆ ಕಟ್ಟಲಾಗದು ಎಂದು ನಾನು ಮೊದಲ ಹತ್ತು ನಿಮಿಷ ಮೆಚ್ಚಿದೆ; ಹನ್ನೊಂದನೆಯ ನಿಮಿಷಕ್ಕೆ ಕಣ್ಣೀರು ಸುರಿಸುತ್ತಾ ಹೊರಗೆ ಬಂದೆ. ಆ ಹೊಗೆಯಲ್ಲೇ ಬೆಳೆಯುವ ಮಕ್ಕಳ ಕೆಮ್ಮು ರಾತ್ರಿಯಿಡೀ ಕೇಳಿಸುತ್ತಿತ್ತು.

ಬೆಳಿಗ್ಗೆ ಆತಿಥೇಯ ಮನೆಯ ಮಾಮಾ ನಮ್ಮನ್ನು ಹೊಲಕ್ಕೆ ಕರೆದೊಯ್ದಳು. ನಿಂತರೆ ಎದುರಿನ ಮಣ್ಣು ಎದೆಗೆ ತಾಗುವಂಥ ಇಳಿಜಾರು. ಗಂಡಸರು ಕಲ್ಲು ಆಯ್ದು ಕಟ್ಟಿದ ಒಡ್ಡುಗಳು ಬೆಟ್ಟದುದ್ದಕ್ಕೂ ಹೋಗಿದ್ದವು; ಬಯಲಿನ ಕಡೆ ಒಡ್ಡಿನ ಬದಲು ಕಾಲುವೆ ತೋಡಿ, ಅದರ ತಳದ ಕೆಸರನ್ನೇ ಎತ್ತಿ ಮಡಿಗಳಿಗೆ ಗೊಬ್ಬರವಾಗಿ ಹಾಕುತ್ತಾರೆ. ನೇಗಿಲಿಲ್ಲ, ಎತ್ತಿಲ್ಲ. ನೆಲ ಹದಮಾಡಿ ಒಡ್ಡು ಕಟ್ಟುವುದು ಗಂಡಸರ ಪಾಲು. ಬಳ್ಳಿ ನೆಡುವುದು, ಕಳೆ ಕೀಳುವುದು, ಅಗೆಯುವುದು, ಹೊರುವುದು ಹೆಂಗಸರ ಪಾಲು.

ಅವಳು ಅಗೆಯುವುದನ್ನು ನಾನು ಬಗ್ಗಿ ನೋಡಿದೆ. ನಮ್ಮಲ್ಲಿ ಬಳ್ಳಿ ಕೊಯ್ದು ಬೋದನ್ನೆಲ್ಲ ಒಮ್ಮೆಗೇ ಕೆಡವಿ ಗೆಣಸು ಬಳಿದುಕೊಳ್ಳುತ್ತೇವೆ. ಅವಳು ಬಳ್ಳಿಯನ್ನು ಮುಟ್ಟಲೇ ಇಲ್ಲ. ಮಣ್ಣು ಸೀಳಿದ ಜಾಗವನ್ನು ಕಣ್ಣಲ್ಲೇ ಗುರುತಿಸಿ, ಕೋಲಿನ ತುದಿಯಿಂದ ಬಿಡಿಸಿ, ಕೈ ಒಳಗೆ ಹಾಕಿ, ಬೆರಳುಗಳಿಂದಲೇ ಅಳತೆ ನೋಡಿ ದೊಡ್ಡದನ್ನು ಮಾತ್ರ ಮುರಿದುಕೊಂಡು, ಚಿಕ್ಕವನ್ನು ಹಾಗೇ ಬಿಟ್ಟು ಮಣ್ಣು ಮುಚ್ಚಿ ಅಂಗೈಯಿಂದ ಒತ್ತಿದಳು. ಆ ದಿನ ಬೇಕಾದಷ್ಟು ಅಷ್ಟೆ. ವರ್ಷದ ಯಾವ ತಿಂಗಳಲ್ಲೂ ಹೆಚ್ಚುಕಡಿಮೆ ಮಳೆಯಿರುವ ಕಾರಣ ಅವರಿಗೆ ಸುಗ್ಗಿಯೆಂಬುದಿಲ್ಲ, ಕಣಜವೂ ಬೇಡ, ನೆಲವೇ ಹಗೇವು. ತೀರ ಚಿಕ್ಕದು, ಹುಳ ಹಿಡಿದದ್ದು ಹಂದಿಗೆ. ಮದುವೆಯ ತೆರ, ಜಗಳದ ದಂಡ, ಸಾವಿನ ಊಟ ಎಲ್ಲವೂ ಹಂದಿಯಲ್ಲೇ ಲೆಕ್ಕವಾಗುವುದರಿಂದ, ಗೆಣಸು ಆ ಜನರ ಊಟವೂ ಹೌದು, ಉಳಿತಾಯದ ಖಾತೆಯೂ ಹೌದು.

ದಾನಿಗಳು ಗೆಣಸನ್ನು ‘ಹಿಪೆರೆ’ ಎನ್ನುತ್ತಾರೆ. ಬಗೆಬಗೆಯ ತಳಿಗಳಿಗೆ ಬೇರೆಬೇರೆ ಹೆಸರು. ಪಟ್ಟಣದ ಮಲಯ್ ಮಾತಿನಲ್ಲಿ ಅದು ‘ಬೆತಾತಾಸ್’. ಈ ಶಬ್ದ ಕಿವಿಗೆ ಬಿದ್ದಾಗ ನಾನು ನಿಂತುಬಿಟ್ಟೆ. ನಮ್ಮ ಕಡೆ ಆಲೂಗಡ್ಡೆಗೆ ಬಟಾಟೆ ಎನ್ನುತ್ತೇವಲ್ಲ, ಅದೇ ಪೋರ್ಚುಗೀಸರ ಬಟಾಟ! ಮೂಲದಲ್ಲಿ ಆ ಹೆಸರು ಗೆಣಸಿನದೇ. ಗಡ್ಡೆಯೂ ಹೆಸರೂ ಅಮೆರಿಕ ಖಂಡದ ಕಡೆಯಿಂದ ಹೊರಟು, ನಮ್ಮಲ್ಲಿ ಹೆಸರು ದಾರಿತಪ್ಪಿ ಆಲೂಗಡ್ಡೆಗೆ ಅಂಟಿಕೊಂಡಿತು, ಪಾಪುವಾದಲ್ಲಿ ಸರಿಯಾದ ವಿಳಾಸಕ್ಕೆ ತಲುಪಿತು.

ನೇರಳೆ ಸಿಪ್ಪೆಯ ಒಂದು ಗೆಣಸನ್ನು ಎತ್ತಿ ಹಿಡಿದು ಈ ಬಣ್ಣಕ್ಕೆ ನಿಮ್ಮ ಮಾತಿನಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ಹುಡುಗ ‘ಮಿಲಿ’ ಎಂದ. ಮಿಲಿ ಎಂದರೆ ಕಪ್ಪು, ನೀಲಿ, ಹಸಿರು ಹೀಗೆ ಗಾಢವಾದುವೆಲ್ಲ. ‘ಮೋಲಾ’ ಎಂದರೆ ಬಿಳಿ, ಕೆಂಪು, ಹಳದಿ ಮುಂತಾದ ಬೆಳಕಿನ ಬಣ್ಣಗಳೆಲ್ಲ. ದಾನಿ ಮಾತಿನ ಈ ಎರಡೇ ಮೂಲ ಬಣ್ಣಪದಗಳನ್ನು ಹಿಡಿದು ಮನಶ್ಶಾಸ್ತ್ರಜ್ಞೆ ಎಲಿನೋರ್ ರಾಶ್ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನ, ಹೆಸರಿಲ್ಲದಿದ್ದರೂ ಕಣ್ಣು ಬಣ್ಣಗಳನ್ನು ಬೇರ್ಪಡಿಸಿ ನೆನಪಿಡುತ್ತದೆಯೇ ಎಂಬ ಚರ್ಚೆಯಲ್ಲಿ ಇಂದಿಗೂ ಬರುತ್ತದೆ. ಬಣ್ಣಕ್ಕೆ ಎರಡು ಪದ, ಗೆಣಸಿಗೆ ಅಷ್ಟೊಂದು.

ಮಧ್ಯಾಹ್ನ ಕಲ್ಲಡುಗೆ. ಸೌದೆಯ ಬೆಂಕಿಯಲ್ಲಿ ಕಾದ ಕಲ್ಲುಗಳನ್ನು ಸೀಳಿದ ಕೋಲಿನ ಇಕ್ಕಳದಲ್ಲಿ ಹಿಡಿದು, ಹುಲ್ಲು ಹಾಸಿದ ಗುಂಡಿಗೆ ಸುರಿದು, ಗೆಣಸು, ಸೊಪ್ಪು, ಮತ್ತೆ ಕಲ್ಲು, ಮತ್ತೆ ಎಲೆ ಹೀಗೆ ಪದರ ಪದರವಾಗಿ ಹಾಕಿ ಮುಚ್ಚಿದರು. ಅತಿಥಿಗಳಿಗೆಂದು ಹಂದಿ ಕಡಿಯಬೇಡಿರೆಂದು ಮೊದಲೇ ಹೇಳಿದ್ದೆವು. ಅವರಿಗೆ ಅದರಿಂದ ಸ್ವಲ್ಪ ನಿರಾಸೆಯಾದದ್ದು ಕಾಣುತ್ತಿತ್ತು. ತಾಸೊಂದು ಕಳೆದು ತೆಗೆದ ಗೆಣಸಿಗೆ ಹೊಗೆ ಮತ್ತು ಹಸಿಹುಲ್ಲಿನ ವಾಸನೆ ಹತ್ತಿತ್ತು. ನಾನು ಚೀಲದಿಂದ ಶೇಂಗಾ ಚಟ್ನಿ ತೆಗೆದೆ. ಮನೆಯ ಅಜ್ಜಿ ಕೈ ಚಾಚಿದಳು. ಆ ಕೈಯಲ್ಲಿ ಎರಡು ಬೆರಳುಗಳು ಅರ್ಧಕ್ಕೇ ನಿಂತಿದ್ದವು. ಮನೆಯಲ್ಲಿ ಸಾವಾದರೆ ಹೆಣ್ಣುಮಕ್ಕಳ ಬೆರಳು ಕತ್ತರಿಸುವ ಪದ್ಧತಿ ಹಿಂದೆ ಇತ್ತು, ಈಗ ಬಿಟ್ಟುಹೋಗಿದೆ, ಮುದುಕಿಯರ ಕೈಗಳಲ್ಲಿ ಮಾತ್ರ ಉಳಿದಿದೆ ಎಂದು ಓದಿ ತಿಳಿದಿದ್ದೆ. ಓದಿದ್ದು ಎದುರಿಗೆ ಬಂದಾಗ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಅವಳು ಚಟ್ನಿಯನ್ನು ನೆಕ್ಕಿ, ಮುಖ ಕಿವುಚಿ, ‘ಉಪ್ಪು ಚೆನ್ನಾಗಿದೆ, ಉಳಿದದ್ದು ಬೆಂಕಿ’ ಎಂದಳು. ನಾವು ತಂದಿದ್ದ ಉಪ್ಪಿನ ಪೊಟ್ಟಣಗಳನ್ನು ಸೆರಗಿನಷ್ಟೇ ಜೋಪಾನವಾಗಿ ನೊಕೆನ್‌ನೊಳಗೆ ಸೇರಿಸಿದಳು. ಕಣಿವೆಯ ಉತ್ತರದಲ್ಲಿ, ಜಿವಿಕಾದ ಮೇಲಿನ ಉಪ್ಪುನೀರಿನ ಬುಗ್ಗೆಯಲ್ಲಿ ಬಾಳೆದಿಂಡಿನ ಸಿಪ್ಪೆ ನೆನೆಸಿ, ಒಣಗಿಸಿ, ಸುಟ್ಟು ಆ ಬೂದಿಯನ್ನೇ ಉಪ್ಪಾಗಿ ಬಳಸುತ್ತಿದ್ದ ಜನರಿವರು. ಪೊಟ್ಟಣದ ಉಪ್ಪಿನ ಬೆಲೆ ಅವರಿಗೆ ಗೊತ್ತು.

ಹೊಟ್ಟೆಗೆ ಕೊರತೆಯಿಲ್ಲದ ಊರು ಎಂದುಕೊಂಡರೆ ತಪ್ಪಾದೀತು. 1997ರ ಎಲ್ ನಿನೊ ಬರದಲ್ಲಿ ಈ ಬೆಟ್ಟಗಳಲ್ಲಿ ನೂರಾರು ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು; ಕುರಿಮಾ ಸೇರಿರುವ ಯಾಹುಕಿಮೊ ಜಿಲ್ಲೆ 2005ರ ಕೊನೆಯಲ್ಲೂ ಹಸಿವಿನ ಸಾವುಗಳಿಂದಲೇ ದೇಶದ ಪತ್ರಿಕೆಗಳಿಗೆ ಸುದ್ದಿಯಾಯಿತು. ನೆಲವೇ ಕಣಜವಾದಲ್ಲಿ ನೆಲ ಕೈಕೊಟ್ಟರೆ ಬೇರೆ ಕಣಜವಿಲ್ಲ. ನಾನು ಹೋದ ಹೊತ್ತಿಗೆ ಸರ್ಕಾರದ ಅಕ್ಕಿ ಬರುತ್ತಿತ್ತು. ಹುಡುಗರಿಗೆ ಅಕ್ಕಿಯ ರುಚಿ ಹತ್ತಿದೆ, ಗೆಣಸು ಮುದುಕರ ಊಟ ಎನ್ನುವ ನಾಚಿಕೆಯೂ ಹತ್ತಿದೆ. ಜೋಳ, ನವಣೆಯ ಗತಿ ಕಂಡ ನನಗೆ ಆ ನಾಚಿಕೆ ಹೊಸದಲ್ಲ.

ಶಾಲೆಗೆ ಕಟ್ಟಡವಿತ್ತು, ತಗಡಿನ ಚಾವಣಿಯಿತ್ತು. ಮೇಷ್ಟರು ಪಟ್ಟಣದಲ್ಲಿರುತ್ತಾರೆ, ಪರೀಕ್ಷೆಗೆ ಬರುತ್ತಾರೆ ಎಂದರು. ಔಷಧದ ಕೊಠಡಿಗೆ ಬೀಗ. ಹೆರಿಗೆ ಕಷ್ಟವಾದರೆ ನಾಲ್ವರು ಹೊತ್ತು ಆ ದಿಮ್ಮಿಗಳನ್ನೇ ದಾಟಬೇಕು. ಸರ್ಕಾರದ ಮನಸ್ಸು ಈ ಜಿಲ್ಲೆಯ ಕಡೆ ಬಂದೇ ಇಲ್ಲವೆಂದಲ್ಲ: ದೇಶಕ್ಕೆಲ್ಲ ಪೆಟ್ರೋಲಿಗೆ ಒಂದೇ ಬೆಲೆ ಎಂಬ ಯೋಜನೆಯನ್ನು ಅಧ್ಯಕ್ಷ ಜೊಕೊ ವಿಡೊಡೊ 2016ರ ಅಕ್ಟೋಬರ್‌ನಲ್ಲಿ ಘೋಷಿಸಿದ್ದು ಯಾಹುಕಿಮೊದ ವಿಮಾನ ನಿಲ್ದಾಣದಲ್ಲೇ. ಆದರೆ ರಸ್ತೆಯೇ ಇಲ್ಲದ ಊರಿಗೆ ಪೆಟ್ರೋಲು ಅಗ್ಗವಾದರೆಷ್ಟು, ದುಬಾರಿಯಾದರೆಷ್ಟು? ಇದೇ ಜಿಲ್ಲೆಯ ಒಂದು ಮೊಕದ್ದಮೆಯಲ್ಲಿ ಇಂಡೋನೇಷ್ಯಾದ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ, ಊರವರೆಲ್ಲ ಸೇರಿ ನಿರ್ಧರಿಸಿ ಮತಗಳನ್ನು ಒಟ್ಟಾಗಿ ನೊಕೆನ್‌ಗೆ ಹಾಕುವ ರೂಢಿಯನ್ನು ಮಾನ್ಯ ಮಾಡಿತು. ಯಾರ ಮತ ಯಾರು ಹಾಕುತ್ತಾರೆಂದು ಕೇಳಿದ್ದಕ್ಕೆ ಹುಡುಗ ನಕ್ಕು, ಹಿರಿಯರಿದ್ದಾರಲ್ಲ ಎಂದ. 1969ರಲ್ಲಿ ಇಂಡೋನೇಷ್ಯಾದಲ್ಲೇ ಉಳಿಯಲು ಇಡೀ ಪಾಪುವಾದ ಹೆಸರಿನಲ್ಲಿ ಸಾವಿರ ಚಿಲ್ಲರೆ ಆಯ್ದ ಜನರಿಂದ ಒಪ್ಪಿಗೆ ಪಡೆದ ಕಥೆಯನ್ನು ಮಾತ್ರ ಅವನು ನಗದೆ, ದನಿ ತಗ್ಗಿಸಿ ಹೇಳಿದ.

ಐದನೆಯ ದಿನ ಇಳಿದೆವು. ನಮ್ಮ ಮಾಮಾ ನಸುಕಿನಲ್ಲೇ ಹೊರೆ ಹೊತ್ತು ಮುಂದೆ ಹೋಗಿದ್ದಳು. ಮಧ್ಯಾಹ್ನ ವಾಮೇನಾದ ವೊಉಮಾ ಮಾರುಕಟ್ಟೆಯಲ್ಲಿ ಗೆಣಸನ್ನು ಐದು ಗುಂಪು ಮಾಡಿ ಎದುರಿಗಿಟ್ಟುಕೊಂಡು ಕುಳಿತಿದ್ದು ಕಂಡಿತು. ಬೆಟ್ಟದ ಹೆಂಗಸರು ನೆಲದ ಮೇಲೆ. ಹೊರಗಿನಿಂದ ಬಂದ ವ್ಯಾಪಾರಿಗಳು ಅಕ್ಕಿ, ಎಣ್ಣೆ, ನೂಡಲ್ಸ್ ಇಟ್ಟುಕೊಂಡು ಸಾಲಂಗಡಿಗಳಲ್ಲಿ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತ ಗಲಭೆಯಲ್ಲಿ ಈ ಮಾರುಕಟ್ಟೆ ಸುಟ್ಟುಹೋಯಿತೆಂದು ಬೆಳಗಾವಿಯಲ್ಲಿ ಕುಳಿತು ಓದಿದಾಗ ನನಗೆ ನೆನಪಾದದ್ದು ಆ ಐದು ಗುಂಪು ಗೆಣಸು.

ಅವಳ ಎರಡು ಗುಂಪು ಹೋಗಿತ್ತು. ಆ ಹಣದಲ್ಲಿ ಸಾಬೂನು, ಎಣ್ಣೆ, ವಾಪಸು ಸೊಗೊಕ್ಮೊವರೆಗೆ ವಾಹನದ ಬಾಡಿಗೆ ಎಲ್ಲ ಆಗಬೇಕು. ನಿಮ್ಮ ಊರಲ್ಲಿ ಇಷ್ಟಕ್ಕೆ ಎಷ್ಟು ಕೊಡುತ್ತಾರೆ ಬಾಪಾ ಎಂದು ಕೇಳಿದಳು. ನಾನು ಮನಸ್ಸಿನಲ್ಲೇ ರೂಪಾಯಿಯನ್ನು ರುಪಿಯಾ ಮಾಡಿ ಹೇಳಿದೆ. ಅವಳು ನಂಬದೆ ಹುಡುಗನ ಕಡೆ ತಿರುಗಿದಳು. ಅವನು ಮತ್ತೊಮ್ಮೆ ಹೇಳಿದ.

‘ಅಷ್ಟಕ್ಕಾಗಿ ನಿಮ್ಮ ಹೆಂಗಸರು ಹೊತ್ತು ಇಳಿಯುತ್ತಾರೆಯೇ?’

ಹೊರುವುದಿಲ್ಲ, ಹೊಲಕ್ಕೇ ಲಾರಿ ಬರುತ್ತದೆ ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ಉಳಿದ ಮೂರು ಗುಂಪುಗಳನ್ನು ಹತ್ತಿರ ಸರಿಸಿಕೊಂಡು ಕೇಳಿದಳು: ‘ಆ ಲಾರಿ ಎಷ್ಟು ಗೆಣಸು ತಿನ್ನುತ್ತದೆ?’