ಐದು ಸೆಕೆಂಡು ಯಾರಿಗಾಗಿ ಕಾಯ್ತಿತ್ತು?

"ಪ್ರೋಸೆಸ್ ಬದುಕಿದೆ ಸರ್, ಆದ್ರೆ ಏನೂ ಮಾಡ್ತಿಲ್ಲ. ಲಾಗ್‌ನಲ್ಲೂ ಏನಿಲ್ಲ. ರೀಸ್ಟಾರ್ಟ್ ಮಾಡಿಬಿಡ್ಲಾ?"

ಈ ವಾರವೆಲ್ಲ ಕಿವಿಯಲ್ಲಿ ಗುಂಯ್‌ಗುಡುತ್ತಿರುವುದು ಇದೊಂದೇ ಮಾತು. ಪ್ರೋಸೆಸ್ ಅಂದರೆ ಓಡುತ್ತಿರುವ ಪ್ರೋಗ್ರಾಂ, ಲಾಗ್ ಅಂದರೆ ಅದು ಬರೆದಿಡುವ ದಿನಚರಿ. ಕೇಳಿದ ಹುಡುಗ ಚುರುಕು, ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ. ಅವನ ಮೇಲೆ ನನಗೆ ಬೇಸರವಿಲ್ಲ, ಅವನು ನೋಡಿ ಕಲಿತದ್ದೇ ಅದು. ಬೇಸರ ಆದದ್ದು ಪಕ್ಕದಲ್ಲೇ ಇದ್ದ ಹಿರಿಯರ ಮೇಲೆ. ಒಬ್ಬರೂ "ತಡಿ, ಮೊದಲು ನೋಡೋಣ" ಅನ್ನಲಿಲ್ಲ. ಮ್ಯಾನೇಜರ್ ಅಂತೂ "ಲೋಡ್ ಜಾಸ್ತಿ ಇರಬೇಕು, ಮಾಡಿಬಿಡಪ್ಪ" ಎಂದು ತೀರ್ಪನ್ನೇ ಕೊಟ್ಟಿದ್ದರು.

ತೊಂದರೆ ಇಷ್ಟು. ಪೈಥಾನ್‌ನಲ್ಲಿ ಬರೆದ ಒಂದು ಸರ್ವಿಸ್, ಪೈಥಾನ್ ವೆಬ್ ಪ್ರೋಗ್ರಾಂಗಳನ್ನು ಓಡಿಸುವ ಗುನಿಕಾರ್ನ್ ಎಂಬ ಸರ್ವರ್ ಕೆಳಗೆ ಓಡುತ್ತದೆ. ಆರ್ಡರ್ ಬಂದಾಗ ಹೊರಗಿನ ಪೇಮೆಂಟ್ ಸರ್ವರನ್ನು ಕೇಳಿ ಉತ್ತರ ಕೊಡುವುದು ಅದರ ಕೆಲಸ. ಕೆಲವು ಆರ್ಡರ್ ಥಟ್ಟನೆ ಮುಗಿಯುತ್ತಿತ್ತು, ಕೆಲವು ಐದು ಸೆಕೆಂಡು ತಡ. ಸಿಪಿಯು ಖಾಲಿ, ಮೆಮೊರಿ ಸರಿ, ಡೇಟಾಬೇಸ್ ಸುಮ್ಮನೆ ಕೂತಿದೆ. ಮಧ್ಯಾಹ್ನದ ದಟ್ಟಣೆಗಿಂತ ಜನ ಕಡಿಮೆ ಇರುವ ಹೊತ್ತಿನಲ್ಲೇ ಕಾಟ ಹೆಚ್ಚು.

ಈ ವಿವರಗಳಲ್ಲೇ ಅರ್ಧ ಉತ್ತರ ಇದೆ. ಲೋಡ್‌ನಿಂದ ಬರುವ ತಡ ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಮ್ಮೆ 1.7, ಒಮ್ಮೆ 3.2, ಮತ್ತೊಮ್ಮೆ 9. ಪ್ರತಿ ಸಲವೂ ಐದು, ಐದಕ್ಕಿಂತ ಚೂರು ಹೆಚ್ಚು ಅಂದರೆ ಎಲ್ಲೋ ಯಾರೋ 5 ಎಂದು ಬರೆದಿಟ್ಟಿದ್ದಾರೆ. 5, 10, 30, 60 ಇಂಥ ದುಂಡು ಸಂಖ್ಯೆ ಕಂಡ ಕೂಡಲೇ ಟೈಮ್‌ಔಟ್, ಅಂದರೆ ಕಾಯುವುದಕ್ಕೆ ಹಾಕಿಟ್ಟ ಗಡುವು, ಹುಡುಕಬೇಕು.

"ಏನೂ ಮಾಡ್ತಿಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಿಪಿಯು ತಿನ್ನದೆ ನಿಂತ ಪ್ರೋಸೆಸ್ ಯಾವುದಕ್ಕೋ ಕಾಯುತ್ತಿರುತ್ತದೆ. ಒಂದು ಸಾಕೆಟ್‌ಗೆ (ನೆಟ್‌ವರ್ಕ್ ಮಾತುಕತೆಯ ತುದಿ), ಒಂದು ಲಾಕ್‌ಗೆ, ಒಂದು ಡಿಸ್ಕ್‌ಗೆ, ಒಂದು ಗಡಿಯಾರಕ್ಕೆ. ಕಾಯುವುದಕ್ಕೂ ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನನ್ನೇ ಕೇಳಿಕೊಳ್ಳಬೇಕು, ಆ ಕೇಳಿಕೆಯೇ ಸಿಸ್ಟಮ್ ಕಾಲ್. ಲಾಗ್‌ನಲ್ಲಿ ಬರುವುದು ಪ್ರೋಗ್ರಾಂ ಬರೆದವನಿಗೆ ಮುಂಚೆಯೇ ಹೊಳೆದ ಸಂಗತಿ ಮಾತ್ರ. ಹೊಳೆಯದೇ ಇದ್ದದ್ದು ಸಿಸ್ಟಮ್ ಕಾಲ್‌ಗಳಲ್ಲಿ ಕಾಣುತ್ತದೆ. ಅದನ್ನು ಓಡುತ್ತಿರುವಾಗಲೇ ತೋರಿಸುವ ಸಾಧನ ಎಸ್‌ಟ್ರೇಸ್. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಸನ್‌ಒಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಬರೆದದ್ದನ್ನು ಬ್ರಾಂಕೊ ಲ್ಯಾಂಕೆಸ್ಟರ್ ಲಿನಕ್ಸ್‌ಗೆ ತಂದರು. ಇಷ್ಟು ಹಳೆಯ ಸಾಧನ ಲಿನಕ್ಸ್ ಸರ್ವರ್‌ಗಳಲ್ಲಿ ಸಿಗುವಂತಿದ್ದೂ ಎಷ್ಟೋ ಜನ ಅದನ್ನು ಮುಟ್ಟದೇ ವರ್ಷಗಟ್ಟಲೆ ಆಪರೇಷನ್ಸ್ ಕೆಲಸ ಮಾಡುತ್ತಾರೆ ಅನ್ನುವುದು ನನಗೆ ನಿಜಕ್ಕೂ ನೋವು ತರುವ ವಿಷಯ.

ಮೊದಲ ಹೆಜ್ಜೆ ಸರಿಯಾದ ಪಿಐಡಿ, ಅಂದರೆ ಪ್ರೋಸೆಸ್‌ನ ಗುರುತಿನ ಸಂಖ್ಯೆ. ಗುನಿಕಾರ್ನ್‌ನಲ್ಲಿ ಉಸ್ತುವಾರಿ ನೋಡುವ ಮಾಸ್ಟರ್ ಬೇರೆ, ರಿಕ್ವೆಸ್ಟ್ ನಿಭಾಯಿಸುವ ವರ್ಕರ್ ಬೇರೆ. ಮಾಸ್ಟರ್‌ಗೆ ಅಂಟಿಸಿದರೆ ಸೆಕೆಂಡಿಗೊಮ್ಮೆ ಎದ್ದು ನೋಡಿ ಮತ್ತೆ ಮಲಗುವುದಷ್ಟೇ ಕಾಣುತ್ತದೆ, ರಿಕ್ವೆಸ್ಟ್ ಒಂದೂ ಕಾಣದು. ಪ್ರೋಸೆಸ್‌ಗಳನ್ನು ತೋರಿಸುವ ಪಿಎಸ್ ಕಮಾಂಡ್‌ನಲ್ಲಿ ಮರದ ಆಕಾರದ ಪಟ್ಟಿ ತೆಗೆದು ಮಗುವಿನ, ಅಂದರೆ ವರ್ಕರ್‌ನ, ಪಿಐಡಿ ಹಿಡಿಯಬೇಕು. ಪ್ರೋಸೆಸ್ ಕಂಟೈನರ್ (ಪ್ರೋಗ್ರಾಂಗೆ ಪ್ರತ್ಯೇಕಿಸಿ ಕೊಟ್ಟ ಆವರಣ) ಒಳಗಿದ್ದರೆ ಒಳಗೆ ಎಸ್‌ಟ್ರೇಸ್ ಹಾಕಲು ಒದ್ದಾಡುವುದು ಬೇಡ. ಹೊರಗಿನ ಹೋಸ್ಟ್ ಯಂತ್ರದಿಂದಲೇ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಅಂಟಿಸಬಹುದು. ಒಳಗಿನ ಪಿಐಡಿಗೂ ಹೊರಗಿನದಕ್ಕೂ ಹೊಂದಿಕೆ ನೋಡಲು ಹೋಸ್ಟ್‌ನಲ್ಲಿ /ಪ್ರಾಕ್/ಪಿಐಡಿ/ಸ್ಟೇಟಸ್ ಫೈಲಿನ ಎನ್‌ಎಸ್‌ಪಿಐಡಿ ಸಾಲು ಇದೆ.

ಹುಡುಗ ರೂಟ್ ಅಧಿಕಾರ ಕೊಡುವ ಸುಡೊ ಇಲ್ಲದೆ ಕಮಾಂಡ್ ಹೊಡೆದ, "ಆಪರೇಷನ್ ನಾಟ್ ಪರ್ಮಿಟೆಡ್" ಬಂತು. ಪ್ರೋಸೆಸ್ ಅದೇ ಯೂಸರ್‌ನದು, ಆದರೂ ಹೀಗೇಕೆ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಯಾಮಾ ಎಂಬ ಭದ್ರತಾ ಪದರದ ಪಿಟ್ರೇಸ್‌_ಸ್ಕೋಪ್ ಬೆಲೆ 1 ಇದ್ದರೆ, ಸಾಮಾನ್ಯ ಯೂಸರ್ ತಾನೇ ಹುಟ್ಟಿಸಿದ ಪ್ರೋಸೆಸ್‌ಗೆ ಮಾತ್ರ ಅಂಟಿಸಬಹುದು. ಆಗಲೇ ಓಡುತ್ತಿರುವುದಕ್ಕೆ ಸುಡೊ ಬೇಕು. ಸುಡೊ ಇದ್ದೂ ಇದೇ ದೂರು ಬಂದರೆ ಸ್ಟೇಟಸ್ ಫೈಲಿನ ಟ್ರೇಸರ್‌ಪಿಐಡಿ ನೋಡಿ. ಅಲ್ಲಿ 0 ಬಿಟ್ಟು ಬೇರೇನಾದರೂ ಇದ್ದರೆ ಯಾವುದೋ ಡೀಬಗ್ಗರ್ ಆಗಲೇ ಅಂಟಿಕೊಂಡಿದೆ. ಒಂದು ಪ್ರೋಸೆಸ್‌ಗೆ ಏಕಕಾಲಕ್ಕೆ ಒಂದೇ ಟ್ರೇಸರ್.

ಎಸ್‌ಟ್ರೇಸ್‌ಗೆ ಕೊಡುವ ಆಯ್ಕೆಗಳ ವಿಷಯಕ್ಕೆ ಬರೋಣ. ಸುಮ್ಮನೆ ಚಿಕ್ಕ ಪಿ (-p) ಕೊಟ್ಟು ಪಿಐಡಿ ಬರೆದರೆ ಸಾಲುಗಳು ಧೋ ಎಂದು ಸುರಿಯುತ್ತವೆ, ಯಾವುದೂ ಅರ್ಥವಾಗದು. ಚಿಕ್ಕ ಎಫ್ ಕೊಟ್ಟರೆ ಎಲ್ಲ ಥ್ರೆಡ್‌ಗಳೂ (ಪ್ರೋಸೆಸ್ ಒಳಗೆ ಜೊತೆಜೊತೆಗೆ ಓಡುವ ಎಳೆಗಳು), ಮುಂದೆ ಹುಟ್ಟುವ ಮಕ್ಕಳೂ ಸೇರುತ್ತವೆ. ಚಿಕ್ಕ ಟಿ ಎರಡು ಸಲ ಕೊಟ್ಟರೆ ಮೈಕ್ರೋಸೆಕೆಂಡ್ ತನಕ ಗಡಿಯಾರದ ಹೊತ್ತು. ದೊಡ್ಡಕ್ಷರದ ಟಿ ಕೊಟ್ಟರೆ ಒಂದೊಂದು ಕಾಲ್ ಹಿಡಿದ ಕಾಲ. ವೈ ಎರಡು ಸಲ ಕೊಟ್ಟರೆ ಬರೀ ಫೈಲ್ ಡಿಸ್ಕ್ರಿಪ್ಟರ್ ಸಂಖ್ಯೆಯ (ತೆರೆದ ಫೈಲ್, ಸಾಕೆಟ್‌ಗೆ ಕರ್ನಲ್ ಕೊಡುವ ನಂಬರ್) ಬದಲು ಆ ಸಾಕೆಟ್‌ನ ಎರಡೂ ತುದಿಯ ವಿಳಾಸ. ಚಿಕ್ಕ ಎಸ್‌ಗೆ 256 ಕೊಡಿ, ಇಲ್ಲದಿದ್ದರೆ 32 ಅಕ್ಷರಕ್ಕೇ ಕತ್ತರಿಸಿಬಿಡುತ್ತದೆ. ಕೊನೆಗೆ ಚಿಕ್ಕ ಓ ಕೊಟ್ಟು ಫೈಲಿಗೆ ಬರೆಸಿ.

ಇಲ್ಲೊಂದು ಗುಂಡಿ ಇದೆ, ಬಲ್ಲವರೂ ಬೀಳುತ್ತಾರೆ. ನೆಟ್‌ವರ್ಕ್ ತೊಂದರೆ ಎಂಬ ಅನುಮಾನದಲ್ಲಿ ನೆಟ್‌ವರ್ಕ್ ಗುಂಪಿನ ಕಾಲ್‌ಗಳನ್ನು ಮಾತ್ರ ಸೋಸಿದರೆ ಉತ್ತರಕ್ಕಾಗಿ ಕಾಯುವ ಪೋಲ್ ಎಂಬ ಕಾಲ್ ಕಾಣುವುದೇ ಇಲ್ಲ. ಎಸ್‌ಟ್ರೇಸ್ ಲೆಕ್ಕದಲ್ಲಿ ಅದು ಡಿಸ್ಕ್ರಿಪ್ಟರ್ ಗುಂಪಿನದು. ಆಗ ಪ್ರತಿ ಕಾಲ್‌ನ ಮುಂದೆಯೂ ಮಿಲಿಸೆಕೆಂಡಿನ ಚೂರು ಕಾಣುತ್ತದೆ, ಐದು ಸೆಕೆಂಡು ಎಲ್ಲಿ ಹೋಯಿತೋ ತಿಳಿಯದು. ಗಡಿಯಾರದ ಕಾಲಂನಲ್ಲಿ ಮಾತ್ರ ಒಂದು ದೊಡ್ಡ ಜಿಗಿತ ಇರುತ್ತದೆ. ಅದಕ್ಕೇ ಎರಡೂ ಟಿ ಬೇಕು. ನೆಟ್‌ವರ್ಕ್ ಜೊತೆಗೆ ಪೋಲ್ ಸೇರಿಸಿ. ಎಆರ್‌ಎಂ 64 ಯಂತ್ರವಾದರೆ ಪಿಪೋಲ್, ಅಲ್ಲಿ ಪೋಲ್ ಎಂಬ ಕಾಲ್ ಇಲ್ಲವೇ ಇಲ್ಲ. ಚಿಕ್ಕ ಸಿ ಕೊಟ್ಟು ಒಟ್ಟು ಲೆಕ್ಕ ತೆಗೆಯುವವರಿಗೂ ಇದೇ ಮೋಸ. ಅದು ಎಣಿಸುವುದು ಕರ್ನಲ್‌ನಲ್ಲಿ ಸಿಪಿಯು ಸವೆದ ಕಾಲವನ್ನು, ನಿದ್ದೆ ಮಾಡಿದ ಕಾಲವನ್ನಲ್ಲ. ಜೊತೆಗೆ ಚಿಕ್ಕ ಡಬ್ಲ್ಯೂ ಕೊಟ್ಟರೆ ಮಾತ್ರ ಗೋಡೆ ಗಡಿಯಾರದ ಲೆಕ್ಕ ಬರುತ್ತದೆ.

ಅಂಟಿಸಿದ ಮೇಲೆ ಒಂದು ಟೆಸ್ಟ್ ಆರ್ಡರ್ ಹಾಕಿದೆವು. ಬಂದ ಸಾಲು ಇದು:

14:22:07.318201 ಪೋಲ್([{ಎಫ್‌ಡಿ=23<ಯುಡಿಪಿ:[10.20.4.31:47112->10.20.1.5:53]>, ಇವೆಂಟ್ಸ್=ಪೋಲ್‌ಇನ್}], 1, 5000) = 0 (ಟೈಮ್‌ಔಟ್) <5.005083>

ಈ ಸಾಲನ್ನು ಹುಡುಗನಿಗೆ ನಿಧಾನಕ್ಕೆ ಓದಿಸಿದೆ. 23ನೇ ಡಿಸ್ಕ್ರಿಪ್ಟರ್. ಯುಡಿಪಿ, ಅಂದರೆ ಮೊದಲು ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸುವ ವಿಧಾನ. ಆ ಕಡೆಯ ಪೋರ್ಟ್ 53, ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್. ಉತ್ತರ ಬರಲಿ ಎಂದು ಹೆಚ್ಚೆಂದರೆ 5000 ಮಿಲಿಸೆಕೆಂಡ್ ಕಾಯುತ್ತೇನೆ ಎಂದು ಕೇಳಿಕೊಂಡಿದೆ. ಸಿಕ್ಕಿದ್ದು 0, ಯಾರೂ ಉತ್ತರಿಸಲಿಲ್ಲ. ಮುಂದಿನ ಸಾಲಿನಲ್ಲಿ ಹೊಸ ಸಾಕೆಟ್, ಎರಡನೇ ಡಿಎನ್‌ಎಸ್ ಸರ್ವರ್, ಎರಡು ಮಿಲಿಸೆಕೆಂಡ್‌ನಲ್ಲಿ ಉತ್ತರ. "ಏನೂ ಮಾಡ್ತಿಲ್ಲ" ಎಂದಿದ್ದ ಪ್ರೋಸೆಸ್, ಯಾರಿಗೆ ಕಾಯ್ತಿದ್ದೇನೆ, ಎಷ್ಟು ಹೊತ್ತು ಕಾದೆ, ಆಮೇಲೆ ಎಲ್ಲಿಗೆ ಹೋದೆ ಎಂದು ಒಂದೂ ಬಿಡದೆ ಹೇಳುತ್ತಿತ್ತು. ಅವನು ಆ ಸಾಲನ್ನು ಮತ್ತೆ ಓದಿದ. "ಐದು ಯಾರು ಬರೆದದ್ದು ಸರ್?" ಅಂದ.

ಬರೆದದ್ದು ಜಿಲಿಬ್‌ಸಿ, ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿ. ಹೆಸರಿನಿಂದ ವಿಳಾಸ ಹುಡುಕುವ ಅದರ ಭಾಗಕ್ಕೆ ಒಬ್ಬ ಸರ್ವರ್‌ಗೆ ಐದು ಸೆಕೆಂಡು ಕಾಯುವುದು, ಇಡೀ ಪಟ್ಟಿಯನ್ನು ಎರಡು ಸುತ್ತು ಹಾಕುವುದು ಮೊದಲಿಂದಲೂ ಇರುವ ಪದ್ಧತಿ. /ಇಟಿಸಿ/ರಿಸಾಲ್ವ್.ಕಾನ್ಫ್ ಫೈಲಿನಲ್ಲಿರುವ ನೇಮ್‌ಸರ್ವರ್ (ಡಿಎನ್‌ಎಸ್ ಸರ್ವರ್) ಸಾಲುಗಳನ್ನು, ಹೆಚ್ಚೆಂದರೆ ಮೂರನ್ನು, ಬರೆದ ಕ್ರಮದಲ್ಲೇ ಕೇಳುತ್ತದೆ. ಮೊದಲನೆಯದು ಸತ್ತಿದೆ ಎಂದು ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲವೂ ಅದೇ ಬಾಗಿಲು ತಟ್ಟಿ, ಅದೇ ಐದು ಸೆಕೆಂಡು ನಿಂತು, ಆಮೇಲೆ ಎರಡನೆಯದಕ್ಕೆ ಹೋಗುತ್ತದೆ.

ಹಾಗಾದರೆ ಪೋಲ್‌ಗೂ ಮುಂಚಿನ ಇನ್ನೊಂದು ಸಾಲಿನಲ್ಲಿ ಕನೆಕ್ಟ್ ಎಂಬ ಕಾಲ್ ಸೊನ್ನೆ ಕೊಟ್ಟಿತಲ್ಲ, ಅಂದರೆ ಸೇರಿತು ಅಂತಲ್ಲವಾ ಎಂದು ಅವನ ವಾದ. ಟಿಸಿಪಿ ಆಗಿದ್ದರೆ ಹೌದು. ಯುಡಿಪಿಯಲ್ಲಿ ಕನೆಕ್ಟ್ ಅಂದರೆ ವಿಳಾಸ ಬರೆದಿಟ್ಟುಕೊಳ್ಳುವುದು ಅಷ್ಟೇ, ಒಂದು ಪ್ಯಾಕೆಟ್ಟೂ ಹೊರಗೆ ಹೋಗುವುದಿಲ್ಲ. ಆ ಯಂತ್ರ ಎದ್ದಿದ್ದು ಡಿಎನ್‌ಎಸ್ ಪ್ರೋಗ್ರಾಂ ಮಾತ್ರ ನಿಂತಿದ್ದರೆ ಐಸಿಎಂಪಿ ಎಂಬ ದೋಷಸೂಚನೆಯ ಮೂಲಕ "ಇಲ್ಲಿ ಯಾರೂ ಇಲ್ಲ" ಎಂಬ ಸುದ್ದಿ ಬಂದು, ಕನೆಕ್ಷನ್ ರೆಫ್ಯೂಸ್ಡ್ ಎಂದು ತಕ್ಷಣ ಮುಂದಕ್ಕೆ ಹೋಗುತ್ತಿತ್ತು. ತಡವೇ ಆಗುತ್ತಿರಲಿಲ್ಲ. ಪೂರ್ತಿ ಐದು ಸೆಕೆಂಡು ಕಾದಿದೆ ಅಂದರೆ ಪ್ಯಾಕೆಟ್ ದಾರಿಯಲ್ಲೇ ಸದ್ದಿಲ್ಲದೆ ಬೀಳುತ್ತಿದೆ. ಫೈರ್‌ವಾಲ್ ಡ್ರಾಪ್, ಇಲ್ಲವೇ ಆ ವಿಳಾಸವೇ ಈಗ ಇಲ್ಲ.

ವಿಷಯ ಎರಡನೆಯದೇ. ನೆಟ್‌ವರ್ಕ್ ತಂಡ ಹಳೆಯ ಡಿಎನ್‌ಎಸ್ ಸರ್ವರನ್ನು ತೆಗೆದಿತ್ತು. ಬೆಳಿಗ್ಗೆ ಕೇಳಿದಾಗ "ನಮ್ಮ ಕಡೆ ಎಲ್ಲ ಸರಿ ಇದೆ" ಎಂದಿದ್ದರು. ಅವರನ್ನು ಸುಳ್ಳುಗಾರರು ಅನ್ನಲಾರೆ. ಅವರು ಹೊಸ ಸರ್ವರನ್ನು ಪರೀಕ್ಷಿಸಿದ್ದರು, ಅದು ಚೆನ್ನಾಗಿಯೇ ಇತ್ತು. ಜೊತೆಗೆ ಅದೇ ಹೋಸ್ಟ್‌ನ ಆಲ್ಪೈನ್ (ಚಿಕ್ಕದೊಂದು ಲಿನಕ್ಸ್) ಕಂಟೈನರ್‌ನಿಂದಲೂ ನೋಡಿದ್ದರು, ಅಲ್ಲೂ ತಡವಿಲ್ಲ. ಆಲ್ಪೈನ್‌ನಲ್ಲಿ ಜಿಲಿಬ್‌ಸಿ ಬದಲು ಇರುವುದು ಮಸಲ್ ಲೈಬ್ರರಿ. ಅದು ಎಲ್ಲ ನೇಮ್‌ಸರ್ವರ್‌ಗಳನ್ನೂ ಒಟ್ಟಿಗೇ ಕೇಳಿ ಮೊದಲು ಬಂದ ಉತ್ತರ ತೆಗೆದುಕೊಳ್ಳುತ್ತದೆ. ಸತ್ತ ಸರ್ವರ್ ಅಲ್ಲಿ ಕಾಣುವುದೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಸತ್ಯ ಹೇಳಿದ್ದರು, ಆರ್ಡರ್ ಮಾತ್ರ ಐದು ಸೆಕೆಂಡು ನಿಲ್ಲುತ್ತಲೇ ಇತ್ತು. "ನಮ್ಮ ಕಡೆ ಸರಿ ಇದೆ" ಎಂಬ ವಾಕ್ಯವನ್ನು ಮೀಟಿಂಗ್‌ಗಳಲ್ಲಿ ಎಷ್ಟು ಹೇಳಿದರೂ ತೂಕ ಬರದು. ವಿಳಾಸ, ಪೋರ್ಟ್, ಹೊತ್ತು ಇರುವ ಒಂದು ಸಾಲು ಕಳಿಸಿದ ಮೇಲೆ ಯಾರೂ ವಾದ ಮಾಡಲಿಲ್ಲ, ಬದಲಾವಣೆಯ ದಾಖಲೆ ತಾವೇ ಹುಡುಕಿ ಕಳಿಸಿದರು. ಮನುಷ್ಯರ ಒಳ್ಳೆಯತನ ಹೊರಬರುವುದಕ್ಕೂ ಒಂದು ಗಟ್ಟಿ ಪುರಾವೆ ಬೇಕಾಗುತ್ತದೆ.

ಜನ ಕಡಿಮೆ ಇದ್ದಾಗಲೇ ತೊಂದರೆ ಹೆಚ್ಚು ಎಂಬುದೂ ಈಗ ಬಿಡಿಸಿಕೊಂಡಿತು. ಆರ್ಡರ್ ಮೇಲೆ ಆರ್ಡರ್ ಬರುತ್ತಿದ್ದರೆ ಪೇಮೆಂಟ್ ಸರ್ವರ್ ಜೊತೆಗಿನ ಹಳೆಯ ಕನೆಕ್ಷನ್ನೇ ಮರುಬಳಕೆ ಆಗುತ್ತದೆ, ಡಿಎನ್‌ಎಸ್ ಕೇಳುವ ಪ್ರಮೇಯವಿಲ್ಲ. ಬಿಡುವಾದಾಗ ಆ ಕಡೆಯವರು ಕನೆಕ್ಷನ್ ಮುಚ್ಚುತ್ತಾರೆ, ಮುಂದಿನ ಆರ್ಡರ್ ಹೊಸದಾಗಿ ಹೆಸರು ಹುಡುಕಬೇಕು, ಐದು ಸೆಕೆಂಡು ದಂಡ. ರೀಸ್ಟಾರ್ಟ್ ಮಾಡಿದ್ದರೆ ಬೆಚ್ಚಗಿದ್ದ ಕನೆಕ್ಷನ್‌ಗಳೆಲ್ಲ ಹೋಗಿ ತೊಂದರೆ ಇನ್ನೂ ಜೋರಾಗುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ತಗ್ಗುತ್ತಿತ್ತು. ಎಲ್ಲರೂ "ರೀಸ್ಟಾರ್ಟ್‌ನಿಂದ ಸರಿಹೋಯ್ತು" ಎಂದು ಮನೆಗೆ ಹೋಗುತ್ತಿದ್ದರು.

ಅಪಾಯಗಳನ್ನೂ ಹೇಳಲೇಬೇಕು. ಎಸ್‌ಟ್ರೇಸ್ ಪ್ರತಿ ಕಾಲ್‌ಗೆ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಪ್ರೋಸೆಸ್ಸನ್ನು ನಿಲ್ಲಿಸುತ್ತದೆ. ಸಿಸ್ಟಮ್ ಕಾಲ್ ಸುರಿಮಳೆ ಇರುವ ಡೇಟಾಬೇಸ್‌ಗೆ ದಟ್ಟಣೆಯ ಹೊತ್ತಿನಲ್ಲಿ ಅಂಟಿಸಬೇಡಿ, ಅಲ್ಲಿ ಪರ್ಫ್ ಟ್ರೇಸ್ ಅಥವಾ ಬಿಪಿಎಫ್‌ಟ್ರೇಸ್ ಹಗುರ. ಒಂದೇ ವರ್ಕರ್ ಆರಿಸಿ, ಬೇಕಾದ ಸಾಲು ಸಿಕ್ಕ ಕೂಡಲೇ ಕಂಟ್ರೋಲ್-ಸಿ ಒತ್ತಿ ಬಿಡಿಸಿ. ಔಟ್‌ಪುಟ್ ಫೈಲಿನಲ್ಲಿ ಪಾಸ್‌ವರ್ಡ್, ಟೋಕನ್ ಹಾಗೇ ಬಂದು ಕೂರಬಹುದು. ಟಿಎಲ್‌ಎಸ್ ಒಳಗಿನದು ಗೂಢಲಿಪಿಯಲ್ಲೇ ಕಾಣುತ್ತದೆ, ಆದರೆ ಕಾನ್ಫಿಗ್ ಫೈಲ್ ಓದಿದ್ದು ಬಯಲಾಗಿಯೇ ಬರುತ್ತದೆ. ಅದನ್ನು ಚಾಟ್ ಗ್ರೂಪಿಗೆ ಎಸೆಯುವುದು ಅಪರಾಧ ಎಂದೇ ನನ್ನ ಅಭಿಪ್ರಾಯ. ಬೇಕಾದ ಸಾಲು ಮಾತ್ರ ತೆಗೆದು ಉಳಿದದ್ದು ಅಳಿಸಿ.

ಅಂಟಿಸಿದ ಮೇಲೆ ಸಾಲೇ ಬಾರದೆ ಸಿಪಿಯು 100 ತೋರಿಸಿದರೆ ಪ್ರೋಗ್ರಾಂ ತನ್ನೊಳಗೇ ಸುತ್ತುತ್ತಿದೆ, ಇಲ್ಲಿ ಎಸ್‌ಟ್ರೇಸ್ ಉಪಯೋಗಕ್ಕೆ ಬಾರದು, ಪೈಥಾನ್ ಆದರೆ ಪ್ರೋಗ್ರಾಂ ಎಲ್ಲಿ ಓಡುತ್ತಿದೆ ಎಂದು ತೋರಿಸುವ ಪೈ-ಸ್ಪೈ ಹಿಡಿಯಿರಿ. ಲಾಕ್‌ಗೆ ಕಾಯುವ ಫ್ಯೂಟೆಕ್ಸ್ ಕಾಲ್‌ನಲ್ಲಿ ನಿಂತಿದ್ದರೆ ಇನ್ನೊಂದು ಥ್ರೆಡ್ ಲಾಕ್ ಹಿಡಿದಿರಬಹುದು, ಚಿಕ್ಕ ಎಫ್ ಮರೆತಿದ್ದರೆ ಆ ಥ್ರೆಡ್ ಕಾಣದು. ಪಿಎಸ್‌ನಲ್ಲಿ ಡಿ ಸ್ಥಿತಿ (ಎಬ್ಬಿಸಲಾಗದ ನಿದ್ದೆ) ಇದ್ದರೆ ಎಸ್‌ಟ್ರೇಸ್ ತಾನೂ ಕಾಯುತ್ತಾ ಕೂರುತ್ತದೆ. ಆಗ ರೂಟ್ ಆಗಿ /ಪ್ರಾಕ್/ಪಿಐಡಿ/ಸ್ಟ್ಯಾಕ್ ಓದಬೇಕು, ಹೆಚ್ಚಾಗಿ ಸಿಗುವುದು ಉತ್ತರಿಸದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲಿನ ಫೈಲ್ ಸಂಗ್ರಹ) ಅಥವಾ ಕೆಟ್ಟ ಡಿಸ್ಕ್.

ರಿಸಾಲ್ವ್.ಕಾನ್ಫ್‌ನಿಂದ ಹಳೆಯ ಸಾಲು ತೆಗೆದು, "ಆಪ್ಷನ್ಸ್ ಟೈಮ್‌ಔಟ್:1" ಸೇರಿಸಿದೆವು. ರೊಟೇಟ್ ಹಾಕೋಣ ಎಂದು ಒಬ್ಬರು ಹೇಳಿದರು. ಅದು ಸರದಿ ಬದಲಿಸುತ್ತದೆ ಅಷ್ಟೇ, ಸತ್ತ ಸರ್ವರ್ ಪಟ್ಟಿಯಲ್ಲಿ ಇರುವ ತನಕ ಒಂದಷ್ಟು ಜನಕ್ಕೆ ಪೆಟ್ಟು ತಪ್ಪದು. 2017ರ ಜಿಲಿಬ್‌ಸಿ 2.26ರಿಂದ ಈಚೆಗೆ ಈ ಫೈಲ್ ಬದಲಾದದ್ದನ್ನು ಓಡುತ್ತಿರುವ ಪ್ರೋಸೆಸ್ ತಾನೇ ಗಮನಿಸುತ್ತದೆ.  ಫೈಲ್ ಗುಂಪಿನ ಕಾಲ್‌ಗಳನ್ನೂ ಸೇರಿಸಿ ಎಸ್‌ಟ್ರೇಸ್ ಮತ್ತೆ ಓಡಿಸಿದಾಗ, ಮುಂದಿನ ಆರ್ಡರ್‌ನಲ್ಲಿ ರಿಸಾಲ್ವ್.ಕಾನ್ಫ್ ಮೇಲೆ ಸ್ಟ್ಯಾಟ್ (ಬದಲಾಗಿದೆಯೇ ಎಂದು ನೋಡುವುದು), ಹಿಂದೆಯೇ ಓಪನ್‌ಆಟ್ (ತೆರೆಯುವುದು), ಹೊಸ ಸರ್ವರ್‌ಗೆ ಪ್ರಶ್ನೆ, ತಕ್ಷಣ ಉತ್ತರ. ಹುಡುಗ ಪರದೆ ಮುಟ್ಟಿ ಆ ಓಪನ್‌ಆಟ್ ಸಾಲು ತೋರಿಸಿದ, ಅವನ ಮುಖ ಅರಳಿತ್ತು.

ಆ ಫೈಲನ್ನು ಕೈಯಿಂದ ತಿದ್ದಿದರೆ, ಯಂತ್ರಗಳಿಗೆ ನೆಟ್‌ವರ್ಕ್ ವಿವರ ಹಂಚುವ ಡಿಎಚ್‌ಸಿಪಿ ಮತ್ತೆ ಹಳೆಯದನ್ನೇ ಬರೆಯಬಹುದು, ಆದ್ದರಿಂದ ಮೂಲದಲ್ಲೇ ಬದಲಿಸಿದ್ದು ನೆಟ್‌ವರ್ಕ್ ತಂಡ. ಮಾನಿಟರಿಂಗ್‌ನಲ್ಲಿ "ಹೆಸರು ಸಿಗುತ್ತಿದೆಯೇ" ಎಂಬ ಪರೀಕ್ಷೆ ಮಾತ್ರ ಇತ್ತು. ಐದು ಸೆಕೆಂಡು ತಡವಾಗಿ ಸಿಕ್ಕರೂ ಅದಕ್ಕೆ ಹಸಿರೇ. ಈಗ ಪಟ್ಟಿಯಲ್ಲಿರುವ ಒಂದೊಂದು ನೇಮ್‌ಸರ್ವರ್‌ಗೂ ಪ್ರತ್ಯೇಕವಾಗಿ ಡಿಗ್ (ಡಿಎನ್‌ಎಸ್ ಕೇಳಿ ನೋಡುವ ಕಮಾಂಡ್), ಟೈಮ್ 1, ಟ್ರೈಸ್ 1 ಎಂದು ನಿಮಿಷಕ್ಕೊಮ್ಮೆ ಓಡುತ್ತದೆ. ಆ ಸ್ಕ್ರಿಪ್ಟ್ ಬರೆದವನು ಅದೇ ಹುಡುಗ.