ಕಾಂಟೆಸ್ಸಾ ಗೇರ್‌ಬಾಕ್ಸ್ ಸೋರ್ಲತ್ತಿದ್ರ ಬರೇ ಸೀಲ್ ಬದಲಿ ಮಾಡಿ ಕೈ ತೊಳ್ಕೋಬ್ಯಾಡ್ರಿ

ಹಳೆ ಗಾಡಿ ಅಂದ್ರ ಆಯಿಲ್ ಸೋರೂದೇ, ಕಮ್ಮಿ ಆದಾಗೊಮ್ಮೆ ಹಾಕ್ಕೋತ ಹೋಗ್ರಿ ಅಂತ ನಮ್ಮ ಕಲಬುರಗಿದಾಗ ಭಾಳ ಮಂದಿ ಹೇಳ್ತಾರ. ನಾ ಇದನ್ನ ಒಪ್ಪಂಗಿಲ್ಲ ನೋಡ್ರಿ. ಎಂಜಿನ್ ಆಯಿಲ್ ಕಮ್ಮಿ ಆದ್ರ ಡ್ಯಾಶ್‌ಬೋರ್ಡಿನ್ಯಾಗ ಕೆಂಪ ಲೈಟರೆ ಹತ್ತತದ, ಗೇರ್‌ಬಾಕ್ಸಿಗೆ ಹಂಗ ಯಾವ ಲೈಟೂ ಇಲ್ಲ, ಒಳಗ ಬೇರಿಂಗ್ ತಿಂದ್ಕೋತ ಹೋಗಿ ಗುಂಯ್ ಅಂತ ಆವಾಜ್ ಬರೂದ್ರಾಗ ಕೆಲ್ಸ ಕೆಟ್ಟೇ ಹೋಗಿರ್ತದ, ಆಮ್ಯಾಲ ಸಾಮಾನು ಹುಡ್ಕೋತ ಹೈದರಾಬಾದ್ ತಿರುಗಬೇಕು, ಅಲ್ಲೂ ಸಿಗ್ತದ ಅಂತ ಗ್ಯಾರಂಟಿ ಇಲ್ಲ ಯಾಕಂದ್ರ ಈ ಗಾಡಿ ತಯಾರಿ ಬಂದ್ ಆಗಿದ್ದೇ 2002ರಾಗ.

ನಂದು 1.8 ಪೆಟ್ರೋಲ್ ಕಾಂಟೆಸ್ಸಾ. ಹಿಂದುಸ್ತಾನ್ ಮೋಟರ್ಸ್‌ದವರು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಎಕ್ಸ್ ಡಿಸೈನ್ ತೊಗೊಂಡು 1984ರಾಗ ಇದನ್ನ ಬಿಟ್ರು, ಮೊದಲ ಅಂಬಾಸಿಡರ್‌ದ್ದೇ 1489 ಸಿಸಿ ಎಂಜಿನ್ ಇತ್ತು, ಆಮ್ಯಾಲ ಇಸುಜು ಎಂಜಿನ್ ಐದು ಗೇರ್ ಬಂದ ಮ್ಯಾಲೇ ಗಾಡಿಗೆ ಜೀವ ಬಂತು. ಇದು ಸ್ಪೋರ್ಟ್ಸ್ ಕಾರ್ ಹೌದೋ ಅಲ್ಲೋ ಅಂತ ವಾದ ಮಾಡೋರು ಮಾಡ್ಲಿ. ಉದ್ದನ ಬಾನೆಟ್, ಹಿಂದಿನ ಗಾಲಿಗೆ ಓಟ, ಹುಮನಾಬಾದ್ ರೋಡಿಗೆ ಮುಂಜಾನೆ ಖಾಲಿ ಇದ್ದಾಗ ಐದನೇ ಗೇರಿನ್ಯಾಗ ಬಿಟ್ರ ನನಗಂತೂ ಇದಕ್ಕಿಂತ ಚಂದ ಗಾಡಿ ಬ್ಯಾರೆ ಯಾವುದೂ ಕಾಣಂಗಿಲ್ಲ.

ಸೋರೂದು ಎಲ್ಲಿಂದ ಅನ್ನೂದೇ ಮೊದಲ ಹಿಡೀಬೇಕು. ನಮ್ಮ ಮನಿ ಮುಂದ ಶಹಾಬಾದ್ ಕಲ್ಲು ಹಾಕ್ಯಾರ, ಅದರ ಮ್ಯಾಲ ಕಲೆ ಚೊಲೋ ಕಾಣ್ತದ. ಕರ್ರಗ ತೆಳ್ಳಗ ಇದ್ರ ಎಂಜಿನ್‌ದು, ಕೆಂಪ ಇದ್ರ ಪವರ್ ಸ್ಟೀರಿಂಗ್ ಇಲ್ಲಾ ಆಟೋಮ್ಯಾಟಿಕ್ ಗೇರ್‌ಬಾಕ್ಸಿಂದು, ಬಂಗಾರ ಬಣ್ಣ ಗಟ್ಟಿ ಇದ್ದು ಗಂಧಕದ ವಾಸನಿ ಹೊಡದ್ರ ಗೇರ್ ಆಯಿಲ್. ನಂದು ಬಂಗಾರದ್ದೇ. ಆದ್ರ ಗಾಡಿ ಓಡೂ ಮುಂದ ಗಾಳಿ ಆಯಿಲ್‌ನ ಹಿಂದ ಹಿಂದ ಒಯ್ದಿರ್ತದ, ಭಾಳ ಹಸಿ ಇದ್ದ ಜಾಗನೇ ಸೋರೂ ಜಾಗ ಅಂತ ತಿಳೀಬಾರ್ದು. ಡೀಸೆಲ್ ಹಾಕಿ ಬ್ರಷ್‌ಲೆ ಇಡೀ ಗೇರ್‌ಬಾಕ್ಸ್ ತೊಳದು, ಪೂರಾ ಒಣಗಿಸಿ, ಮ್ಯಾಲ ಟಾಲ್ಕಮ್ ಪೌಡರ್ ಹೊಡದು ರಿಂಗ್ ರೋಡಿಗೆ ಒಂದ್ ಸುತ್ತ ಹೊಡ್ಕೊಂಡ್ ಬಂದು ಬ್ಯಾಟರಿ ಹಚ್ಚಿ ನೋಡಿದ್ರ ಬಿಳಿ ಪೌಡರಿನ್ಯಾಗ ಒಂದು ಗೆರಿ ಸರಿಯಾಗಿ ಕಾಣ್ತು, ಹಿಂದಿನ ಸೀಲ್ (ತಿರುಗೂ ಶಾಫ್ಟಿನ ಸುತ್ತ ಆಯಿಲ್ ತಡಿಯೂ ರಬ್ಬರ್ ಬಳಿ) ತುಟಿಯಿಂದ ಕೆಳಗ ಇಳದಿತ್ತು.

ಈಗ ಎಲ್ಲಾರೂ ಸೀಲ್ ತರಾಕ ಓಡ್ತಾರ. ನಮ್ಮ ಉಸ್ತಾದ್ ಒಬ್ಬರು ಅವ್ರ, ನಾ ಚಾಚಾ ಅಂತೀನಿ, ಅವ್ರು ಗಾಡಿ ಕೆಳಗ ಮಲ್ಕೊಂಡಲ್ಲಿಂದಾನೇ ಅಂದ್ರು, "ತಮ್ಮಾ, ಮೊದಲ ಬ್ರೀದರ್ ನೋಡು. ಅದು ಮುಚ್ಚಿತ್ತಂದ್ರ ಎಷ್ಟ್ ಸೀಲ್ ಹಾಕಿದ್ರೂ ಸೋರೂದೇ." ಗೇರ್‌ಬಾಕ್ಸ್ ಮ್ಯಾಲ ಬೆರಳಿನ ತುದಿಯಷ್ಟು ಟೊಪಗಿ ಅದ, ಅದೇ ಬ್ರೀದರ್. ನಮ್ಮ ಕಡಿ ಎರಿಮಣ್ಣಿನ ಧೂಳು ಆಯಿಲ್ ಜೊತಿಗೆ ಕಲತು ಅದರ ಬಾಯಿಗೆ ಕುಂತು ಕುಂತು ಕಲ್ಲಿನಂಗ ಆಗಿತ್ತು. ತೆಳ್ಳನ ತಂತಿಲೆ ಕೆದರಿದ್ರು, ಕರ್ರಗಿನ ಚಕ್ಕಿ ಚಕ್ಕಿ ಉದುರಿದ್ವು, ಆಮ್ಯಾಲ ಪೆಟ್ರೋಲಿನ್ಯಾಗ ತೊಳದು ಬಾಯಿಲೆ ಊದಿ ನೋಡಿದ್ರು. ಗೇರ್‌ಬಾಕ್ಸ್ ಕಾದಾಗ ಒಳಗಿನ ಗಾಳಿ ಹಿಗ್ಗತದ, ಹೊರಗ ಹೋಗಾಕ ದಾರಿ ಇಲ್ಲಂದ್ರ ಆಯಿಲ್‌ನ ಸೀಲಿನ ಸಂದ್ಯಾಗಿಂದ ದಬ್ಬತದ. ನಮ್ಮ ಊರಿನ ಎಪ್ರಿಲ್ ಮೇ ಬಿಸಲಿನ್ಯಾಗ ಕೇಳೂದೇ ಬ್ಯಾಡ.

ಆಮ್ಯಾಲೇ ಸೀಲಿನ ಕೆಲ್ಸ. ಗಾಡಿ ಹಿಂದಿನ ಭಾಗ ಎತ್ತಿ ಸ್ಟ್ಯಾಂಡ್ ಮ್ಯಾಲ ಕುಂದ್ರಸ್ರಿ, ಬರೇ ಜಾಕ್ ನಂಬಿ ಯಾರೂ ಕೆಳಗ ಹೋಗಬ್ಯಾಡ್ರಿ, ಮುಂದಿನ ಗಾಲಿಗೆ ಕಲ್ಲು ಕೊಡ್ರಿ. ಹಿಂದ ಎತ್ತಿದ್ರ ಇನ್ನೊಂದು ಫಾಯದಾ ಅದ, ಆಯಿಲ್ ಮುಂದ ಹೋಗಿ ನಿಲ್ತದ, ಗೇರ್‌ಬಾಕ್ಸಿನ ಓಟ ಹಿಂದಕ್ಕ ಒಯ್ಯೂ ಪ್ರೊಪೆಲ್ಲರ್ ಶಾಫ್ಟ್ ಎಳದಾಗ ಮಾರಿ ಮ್ಯಾಲ ಸುರಿಯಂಗಿಲ್ಲ. ಶಾಫ್ಟ್ ಬಿಚ್ಚೂಕಿಂತ ಮೊದಲ ಡಿಫ್ರೆನ್ಸಿಯಲ್ (ಹಿಂದಿನ ಎರಡು ಗಾಲಿ ನಡುವಿನ ಗೇರ್ ಡಬ್ಬಿ) ಕಡಿ ಬೋಲ್ಟ್ ಹಚ್ಚೂ ಎರಡೂ ಫ್ಲ್ಯಾಂಜಿಗೆ ಪೇಂಟ್‌ಲೆ ಗುರ್ತು ಹಾಕ್ರಿ, ತಿರುಗಾ ಮುರುಗಾ ಕೂಡಿಸಿದ್ರ ಗಾಡಿ ನಡುಗ್ಲತ್ತದ.

ಯೋಕ್, ಅಂದ್ರ ಶಾಫ್ಟಿಂದು ಗೇರ್‌ಬಾಕ್ಸಿನ್ಯಾಗ ಕೂಡೂ ತುದಿ, ಹೊರಗ ಬಂದ ಮ್ಯಾಲ ಅದರ ಮ್ಯಾಲ ಉಗುರು ಆಡಿಸಿ ನೋಡಬೇಕು. ನಂದ್ರಾಗ ಸೀಲ್ ತಿಕ್ಕಿ ತಿಕ್ಕಿ ಸುತ್ತ ಒಂದು ಸಣ್ಣ ಗೆರಿ ಬಿದ್ದಿತ್ತು, ಕಣ್ಣಿಗೆ ಕಾಣಂಗಿಲ್ಲ ಆದ್ರ ಉಗುರು ಅಲ್ಲೇ ನಿಲ್ತದ. ಹೊಸ ಸೀಲ್ ಅದೇ ಜಾಗಕ್ಕ ಕುಂತ್ರ ಅದೂ ಸೋರ್ತದ. ಚಾಚಾ ಅದನ್ನ ಪೂರಾ ಒಳಗ ಹೊಡೀದೆ ಒಂದೆರಡು ಮಿಲಿಮೀಟರ್ ಹೊರಗೇ ನಿಲ್ಲಿಸಿದ್ರು, ತುಟಿ ಹೊಸ ಜಾಗಕ್ಕ ತಾಗ್ಲಿ ಅಂತ. ಗೆರಿ ಆಳ ಇದ್ರ ಇದು ನಡಿಯಂಗಿಲ್ಲ, ತೆಳ್ಳನ ಸ್ಟೀಲ್ ಸ್ಲೀವ್ ಹಾಕಬೇಕು. ಯೋಕ್ ಮ್ಯಾಲ ಕೆಳಗ ಅಲ್ಲಾಡ್ತಿದ್ರ ಒಳಗಿನ ಬುಶ್ ಸವದದ ಅಂತ ತಿಳ್ಕೋರಿ, ನಂದು ಗಟ್ಟಿ ಇತ್ತು.

ಸೀಲ್ ಸಿಗಂಗಿಲ್ಲ ಅಂತ ಹೆದರಬ್ಯಾಡ್ರಿ. ಗಾಡಿ ಹೆಸರು ಹೇಳಿದ್ರ ಅಂಗಡಿಯವ ಇಲ್ಲ ಅಂತಾನ, ಹಳೆ ಸೀಲಿನ ಮ್ಯಾಲ ಬರದ ಒಳಗಿನ ಅಳತಿ, ಹೊರಗಿನ ಅಳತಿ, ದಪ್ಪ ಈ ಮೂರು ನಂಬರ್ ಹೇಳ್ರಿ, ಬೇರಿಂಗ್ ಅಂಗಡಿದಾಗ ಸಿಗ್ತದ. ಎರಡು ತುಟಿ ಇದ್ದದ್ದು ಕೇಳ್ರಿ, ಹೊರಗಿನ ತುಟಿ ಧೂಳು ತಡೀತದ. ಸ್ಪ್ರಿಂಗ್ ಇದ್ದ ಮಾರಿ ಆಯಿಲ್ ಕಡಿ, ತುಟಿಗೆ ಗ್ರೀಸ್, ಅದೇ ಸೈಜಿನ ಪೈಪ್ ತುಕಡಿ ಇಟ್ಟು ಮೆಲ್ಲಕ ಸಮಾ ಹೊಡೀಬೇಕು.

ಆಯಿಲ್ ಬಗ್ಗಿ ಒಂದ್ ಮಾತು. ಗಾಡಿ ಮ್ಯಾನ್ಯುವಲ್‌ದಾಗ ಬರದದ್ದೇ ಹಾಕ್ರಿ. ಅಂಗಡಿಯವರು ಜಿಎಲ್-5 ಅನ್ನೂ ದರ್ಜೆದ ಗೇರ್ ಆಯಿಲ್ ಭಾರಿ ಅದ ಅಂತ ಕೊಡ್ತಾರ, ಅದು ಡಿಫ್ರೆನ್ಸಿಯಲ್ಲಿಗೆ ಖರೇನೇ ಚೊಲೋ, ಆದ್ರ ಅದರಾಗಿನ ಗಂಧಕ ಜಾಸ್ತಿ ಇರೋದ್ರಿಂದ ಹಳೆ ಗೇರ್‌ಬಾಕ್ಸಿನ ಹಿತ್ತಾಳಿ ಸಿಂಕ್ರೋ ರಿಂಗ್ (ಗೇರ್ ಸಲೀಸಾಗಿ ಬೀಳಂಗ ಮಾಡೂ ಬಳಿ) ತಿನ್ನಬಹುದು. ಮತ್ತ ಆಯಿಲ್ ಬದಲ್ಸೂದಿದ್ರ ತೆಗಿಯೋ ಬೋಲ್ಟಿಗೆ ಕೈ ಹಚ್ಚೂಕಿಂತ ಮೊದಲ ಹಾಕೂ ಬೋಲ್ಟ್ ಬಿಚ್ಚಿ ನೋಡ್ರಿ, ಅದು ಬಿಚ್ಚಲಿಲ್ಲಂದ್ರ ಗೇರ್‌ಬಾಕ್ಸ್ ಖಾಲಿ ಮಾಡ್ಕೊಂಡು ಕೂಡ್ತೀರಿ. ತುಂಬೂ ಮುಂದ ಗಾಡಿ ಸಮಾ ನೆಲದ ಮ್ಯಾಲ ಇರ್ಬೇಕು, ತೂತಿನ ಕೆಳಗಿನ ಅಂಚಿಗೆ ಬಂದ್ರ ಸಾಕು.

ಹಿಂದಿನ ಸೀಲ್ ಈಗ ಒಣಗೇ ಅದ. ಸ್ಪೀಡೋಮೀಟರ್ ಕೇಬಲ್ ಕೂಡೂ ಜಾಗದಾಗ ಮಾತ್ರ ಜರಾ ಜಿನುಗ್ಲತ್ತದ, ಓ-ರಿಂಗ್ ಬದಲ್ಸೀನಿ, ಆದ್ರ ಅಲ್ಲಿಂದು ಪ್ಲಾಸ್ಟಿಕ್ ಗೇರ್ ಹಲ್ಲು ಸವದಾವ. 1.8ರದ್ದು ಯಾರ ಕಡಿಯರೆ ಇದ್ರ ಹೇಳ್ರಿ, ಬೀದರ್ ಯಾದಗಿರಿ ಎಲ್ಲೇ ಇದ್ರೂ ಬಂದು ತೊಗೊಂಡ್ ಹೋಗ್ತೀನಿ.